ಕೈಯಲ್ಲಿ ಸ್ವಿಚ್, ತಲೆಯಲ್ಲಿ ಸಿಂಪ್ಯೂಟರ್

ದೀಪಾವಳಿಗೆ ಊರಿಗೆ ಬಂದ ದೊಡ್ಡಪ್ಪನ ಮಗ ಬ್ಯಾಗಿನಿಂದ ನಿಂಟೆಂಡೊ ಸ್ವಿಚ್-2 ತೆಗೆದಾಗ ನಮ್ಮ ಜಗುಲಿಯಲ್ಲಿ ಪಟಾಕಿಗಿಂತ ಹೆಚ್ಚು ಜನ ಸೇರಿದ್ದು ಅದರ ಸುತ್ತ. ಅಟ್ಟದಿಂದ ಕಾಯಿ ಇಳಿಸುತ್ತಿದ್ದ ಅಪ್ಪ ಕೈ ಒರೆಸಿಕೊಂಡು ಬಂದು, ‘ಇದೆಷ್ಟಪ್ಪಾ?’ ಅಂದರು. ‘ನಲವತ್ತೈದು ಸಾವಿರ ಚಿಕ್ಕಪ್ಪ’ ಅಂದ ಅಣ್ಣ. ಅಪ್ಪ ಒಂದು ಕ್ಷಣ ಲೆಕ್ಕ ಹಾಕಿ, ‘ಎರಡು ಕ್ವಿಂಟಲ್ ಕೊಬ್ಬರಿಗೆ ಸ್ವಲ್ಪ ಕಮ್ಮಿ’ ಎಂದು ವಾಪಸ್ ಹೋದರು. ತಿಪಟೂರು ಮಾರುಕಟ್ಟೆಯಲ್ಲಿ ದರ ಏರಿದ ವರ್ಷವಾದ್ದರಿಂದ ಎರಡು. 2025ರ ಬೆಂಬಲ ಬೆಲೆ 12,100 ರೂಪಾಯಿಯ ಲೆಕ್ಕದಲ್ಲಾಗಿದ್ದರೆ ನಾಲ್ಕರ ಹತ್ತಿರ ಬರುತ್ತಿತ್ತು.

ನಾನು ತುರುವೇಕೆರೆ ಕಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ತಿಪಟೂರಿಗೆ ಹೋಗಿ ಬಿಇ ಓದುವವನು. ಎಲೆಕ್ಟ್ರಾನಿಕ್ಸ್, ಐದನೇ ಸೆಮಿಸ್ಟರ್. ಎರಡು ದಿನ ಆ ಡಬ್ಬಿ ನನ್ನ ಕೈಯಲ್ಲಿತ್ತು. ಆಡಿದ್ದಕ್ಕಿಂತ ತಿರುಗಿಸಿ ನೋಡಿದ್ದೇ ಹೆಚ್ಚು.

ಮೊದಲ ಸ್ವಿಚ್ ಬಂದದ್ದು 2017ರ ಮಾರ್ಚ್‌ನಲ್ಲಿ. 6.2 ಇಂಚಿನ ಪರದೆ, 4 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್. 2025ರ ಜೂನ್ 5ರಂದು ಬಂದ ಎರಡನೆಯದರಲ್ಲಿ 7.9 ಇಂಚಿನ ಪರದೆ, 12 ಜಿಬಿ ರ‍್ಯಾಮ್, 256 ಜಿಬಿ ಸ್ಟೋರೇಜ್. ಅಕ್ಕಪಕ್ಕದ ಕಂಟ್ರೋಲರ್‌ಗಳು ಮೊದಲು ಹಳಿಯ ಮೇಲೆ ಜಾರಿ ಕೂರುತ್ತಿದ್ದವು, ಈಗ ಅಯಸ್ಕಾಂತದಿಂದ ‘ಟಕ್’ ಎಂದು ಕಚ್ಚಿಕೊಳ್ಳುತ್ತವೆ. ಜಾಹೀರಾತಿನಲ್ಲಿ ಕಾಣುವುದು ಇವಿಷ್ಟೇ. ನನಗೆ ಇಷ್ಟವಾದ ಬದಲಾವಣೆ ಮಾತ್ರ ಯಾರ ಕಣ್ಣಿಗೂ ಬೀಳದ್ದು, ಅದೂ ಎರಡರ ನಡುವೆ, 2019ರಲ್ಲಿ ಆದದ್ದು. ಆ ವರ್ಷ ಹಳೆಯ ಸ್ವಿಚ್ಚನ್ನೇ ಹೊರಗಿನ ರೂಪ ಬದಲಿಸದೆ ಮತ್ತೆ ತಂದರು. ಬ್ಯಾಟರಿ ಅದೇ 4,310 ಎಂಎಎಚ್. ಆದರೆ ಎರಡೂವರೆಯಿಂದ ಆರೂವರೆ ಗಂಟೆ ಬರುತ್ತಿದ್ದ ಚಾರ್ಜ್ ನಾಲ್ಕೂವರೆಯಿಂದ ಒಂಬತ್ತು ಗಂಟೆಗೆ ಏರಿತು. ಒಳಗಿನ ಚಿಪ್ಪನ್ನು 20 ನ್ಯಾನೊಮೀಟರ್ ಬದಲು 16 ನ್ಯಾನೊಮೀಟರ್ ತಂತ್ರದಲ್ಲಿ ಮಾಡಿದ್ದೇ ಇದಕ್ಕೆ ಮುಖ್ಯ ಕಾರಣ. ಟ್ರಾನ್ಸಿಸ್ಟರ್ ಉತ್ತಮವಾದರೆ ಕಡಿಮೆ ವೋಲ್ಟೇಜಿನಲ್ಲಿ ಓಡುತ್ತದೆ, ವಿದ್ಯುತ್ ಖರ್ಚು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಈ ಸೂತ್ರದ ಬೆಲೆ ನನಗೆ ಗೊತ್ತಾದದ್ದು ಇಲ್ಲಿ.

ಎರಡನೆಯ ಸ್ವಿಚ್‌ನಲ್ಲಿ ಅದು ಉಲ್ಟಾ. ಬ್ಯಾಟರಿ 5,220 ಎಂಎಎಚ್‌ಗೆ ಏರಿದೆ, ಚಾರ್ಜ್ ಮತ್ತೆ ಎರಡರಿಂದ ಆರೂವರೆ ಗಂಟೆಗೆ ಇಳಿದಿದೆ. ಸೆಕೆಂಡಿಗೆ 120 ಸಲ ಬದಲಾಗಬಲ್ಲ ದೊಡ್ಡ ಪರದೆ, ಹಲವು ಪಟ್ಟು ಶಕ್ತಿಯ ಚಿಪ್ ಎಲ್ಲವೂ ತಿನ್ನುವುದು ಅದೇ ಬ್ಯಾಟರಿಯನ್ನು.

ಬದಲಾಗಬೇಕಿದ್ದು ಬದಲಾಗಿಲ್ಲ ಎಂಬ ದೂರೂ ಇದೆ. ಹಳೆಯ ಕಂಟ್ರೋಲರ್‌ಗಳಲ್ಲಿ ಬೆರಳು ಇಡದಿದ್ದರೂ ಬೊಂಬೆ ತಾನಾಗಿ ನಡೆಯುವ ತೊಂದರೆ ಜಗತ್ತಿನಾದ್ಯಂತ ಸುದ್ದಿಯಾಗಿತ್ತು, 2020ರಲ್ಲಿ ಕಂಪನಿಯ ಅಧ್ಯಕ್ಷರೇ ಕ್ಷಮೆ ಕೇಳಿದ್ದರು. ಸ್ಟಿಕ್ಕಿನ ಕೆಳಗಿರುವ ಇಂಗಾಲದ ಪಟ್ಟಿ ಉಜ್ಜಿ ಉಜ್ಜಿ ಸವೆಯುತ್ತದೆ. ಹಳೇ ರೇಡಿಯೊದ ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುತ್ತದಲ್ಲ, ಅದೇ ರೋಗ. ಅಯಸ್ಕಾಂತದಿಂದ ಅಳೆಯುವ ಹಾಲ್ ಸೆನ್ಸರ್ ಹಾಕಿದ್ದರೆ ಆ ಉಜ್ಜಾಟವೇ ಇರುತ್ತಿರಲಿಲ್ಲ. ಹೊಸದರಲ್ಲೂ ಅದನ್ನು ಹಾಕಿಲ್ಲ. ಬಿಚ್ಚಿ ನೋಡಿದ ಐಫಿಕ್ಸಿಟ್ ತಂಡ ದುರಸ್ತಿಯ ಸುಲಭಕ್ಕೆ ಹತ್ತರಲ್ಲಿ ಮೂರು ಅಂಕ ಕೊಟ್ಟಿದೆ, ಬ್ಯಾಟರಿಯನ್ನು ಗೋಂದು ಹಾಕಿ ಅಂಟಿಸಲಾಗಿದೆ. ಯುರೋಪಿನಲ್ಲಿ 2027ರ ಫೆಬ್ರವರಿಯಿಂದ ಇಂಥ ಸಾಧನಗಳ ಬ್ಯಾಟರಿಯನ್ನು ಕೊಂಡವರೇ ಬದಲಿಸುವಂತಿರಬೇಕು ಎಂಬ ನಿಯಮ ಜಾರಿಗೆ ಬರಲಿದೆ. ನಮ್ಮಲ್ಲಿ ಈ ಯಂತ್ರದ ಅಧಿಕೃತ ಮಾರಾಟವೇ ಇಲ್ಲ, ಹೊರಗಿಂದ ತರಿಸಿ ಮಾರುವವರೇ ದಿಕ್ಕು. ಕೆಟ್ಟರೆ ಮೊಬೈಲ್ ರಿಪೇರಿ ಅಂಗಡಿಯ ಹುಡುಗನೇ ಗತಿ.

ಅದನ್ನು ಓರೆ ಮಾಡಿ ಆಡುತ್ತಿದ್ದಾಗ ಅಣ್ಣ ಹೇಳಿದ: ‘ಲೋ, ಹಿಂಗೆ ಓರೆ ಮಾಡಿ ಆಡೋದನ್ನ ನಮ್ಮ ಬೆಂಗಳೂರಿನವರು ಇಪ್ಪತ್ತು ವರ್ಷದ ಹಿಂದೇನೇ ಮಾಡಿದ್ರು ಕಣೋ.’ ನಂಬಲಿಲ್ಲ. ಹುಡುಕಿದರೆ ನಿಜ.

ಅದು ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್ಕೋರ್ ಸಾಫ್ಟ್‌ವೇರ್ ಕಂಪನಿಯವರೂ ಸೇರಿ ರೂಪಿಸಿದ, ಅಂಗೈ ಮೇಲೆ ಇಡಬಹುದಾದ ಕಂಪ್ಯೂಟರ್. 2001ರಲ್ಲಿ ಅದರ ಮಾದರಿ ಹೊರಬಂತು. 206 ಮೆಗಾಹರ್ಟ್ಸ್ ಪ್ರೊಸೆಸರ್, ಲಿನಕ್ಸ್, ಕಪ್ಪು-ಬಿಳುಪು ಪರದೆ, ಸ್ಮಾರ್ಟ್ ಕಾರ್ಡ್ ಹಾಕಲು ಒಂದು ಸೀಳು. ಈ ಸೀಳಿನ ಹಿಂದಿನ ಯೋಚನೆ ನನಗೆ ತುಂಬಾ ಹಿಡಿಸಿತು. ಯಂತ್ರ ಊರಿಗೊಂದು, ಕಾರ್ಡು ತಲೆಗೊಂದು. ನಿಮ್ಮ ಕಾರ್ಡ್ ಹಾಕಿದರೆ ಅದು ನಿಮ್ಮ ಯಂತ್ರ, ತೆಗೆದರೆ ಪಕ್ಕದ ಮನೆಯವರದ್ದು.

2004ರ ಮಾರ್ಚ್‌ನಲ್ಲಿ ಪಿಕೊಪೆಟಾ ಕಂಪನಿ ಅದನ್ನೇ ತಿದ್ದಿ ‘ಅಮಿಡಾ ಸಿಂಪ್ಯೂಟರ್’ ತಂದಿತು, ತಯಾರಿಸಿದ್ದು ಬಿಇಎಲ್. ಪ್ರೊಸೆಸರಿನ ವೇಗ ಅಷ್ಟೇ. ಆದರೆ ಬಣ್ಣದ ಪರದೆಯ ಮಾದರಿ ಬಂತು, ಜೊತೆಗೆ ಚಲನೆ ಅರಿಯುವ ಆಕ್ಸೆಲೆರೊಮೀಟರ್. ಅದಕ್ಕೆಂದೇ ಒಂದು ಆಟವೂ ಇತ್ತು, ಹೆಸರು ‘ಗೋಲ್‌ಗೋಲಿ’. ಯಂತ್ರ ಓರೆ ಮಾಡಿದರೆ ಗೋಲಿ ಉರುಳುತ್ತದೆ. ನಿಂಟೆಂಡೊದ ವೀ ಬಂದದ್ದು 2006ರಲ್ಲಿ, ಐಫೋನ್ 2007ರಲ್ಲಿ. ಇದು ಜಗತ್ತಿಗೇ ಮೊದಲು ಎಂದು ಕೆಲವರು ಬರೆಯುತ್ತಾರೆ. ಅಭಿಮಾನ ಸರಿ, ಲೆಕ್ಕ ಪೂರ್ತಿ ಸರಿಯಲ್ಲ. 2000ದಲ್ಲೇ ಗೇಮ್‌ಬಾಯ್ ಕಲರ್‌ನ ಒಂದು ಕಿರ್ಬಿ ಆಟಕ್ಕೆ ನಿಂಟೆಂಡೊ ಇಂಥ ಸೆನ್ಸರನ್ನು ಕಾರ್ಟ್ರಿಜ್ ಒಳಗೆ ಇಟ್ಟಿತ್ತು. ಯಂತ್ರದಲ್ಲೇ ಅಳವಡಿಸಿ ಮಾರಿದ ಮೊದಲಿಗರ ಸಾಲಿನಲ್ಲಿ ನಮ್ಮವರು ಇದ್ದರು ಎಂದರೆ ಸಾಕು.

ಹಾಗಾದರೆ ಸೋತದ್ದೇಕೆ? ಬೆಲೆ 9,950ರಿಂದ 19,950 ರೂಪಾಯಿವರೆಗೆ ಇತ್ತು. ಅರ್ಧ ಲಕ್ಷ ಮಾರಾಟದ ನಿರೀಕ್ಷೆ ಇದ್ದಲ್ಲಿ ವರ್ಷಕ್ಕೆ ಹೋದದ್ದು ಸುಮಾರು 4,000. ಫೋನ್ ಬಂದು ನುಂಗಿತು ಎನ್ನುವುದು ಸುಲಭದ ಉತ್ತರ. ನನಗನ್ನಿಸುವುದು ಬೇರೆ: ತಿದ್ದುವಾಗ ಬಿಡಿಭಾಗ ಮಾತ್ರವಲ್ಲ, ಗಿರಾಕಿಯೂ ಬದಲಾದ. ಊರಿಗೊಂದು ಎಂದು ಹುಟ್ಟಿದ್ದು ಜೇಬಿಗೊಂದು ಆಗಲು ಹೊರಟಿತು. ಆ ಜೇಬಿನವನಿಗೆ ಅಷ್ಟೇ ದುಡ್ಡಿಗೆ ಬೇರೆ ಆಯ್ಕೆಗಳಿದ್ದವು, ಹಳ್ಳಿಯವನಿಗೆ ಅದರಲ್ಲಿ ನೋಡಲು ಬೇಕಾದ ಮಾಹಿತಿಯಾಗಲಿ ಅದನ್ನು ತರುವ ಇಂಟರ್ನೆಟ್ ಆಗಲಿ ಇರಲಿಲ್ಲ. ಸ್ವಿಚ್ ಗೆದ್ದದ್ದು ಪರದೆಯಿಂದಲ್ಲ, ಅದರಲ್ಲಿ ಆಡಲು ಆಟಗಳಿದ್ದುದರಿಂದ.

ಇದನ್ನೆಲ್ಲ ಈಗ ಯಾಕೆ ಯೋಚಿಸುತ್ತೇನೆಂದರೆ, ಮುಂದಿನ ವರ್ಷ ಪ್ಲೇಸ್‌ಮೆಂಟ್. ದೇವನಹಳ್ಳಿಯಲ್ಲಿ ಐಫೋನ್ ಜೋಡಿಸುತ್ತಿದ್ದಾರೆ, ಚಿಪ್ ವಿನ್ಯಾಸದ ಕಚೇರಿಗಳು ಬೆಂಗಳೂರಿನಲ್ಲೇ ಇವೆ. ಆದರೂ ಸೀನಿಯರ್‌ಗಳಲ್ಲಿ ಹೆಚ್ಚಿನವರು ಎಲೆಕ್ಟ್ರಾನಿಕ್ಸ್ ಓದಿ ಸೇರಿದ್ದು ಸಾಫ್ಟ್‌ವೇರಿಗೇ. ‘ಕೋಡಿಂಗ್ ಕಲಿ, ಬೋರ್ಡು ಗೀರ್ಡು ಆಮೇಲೆ’ ಎನ್ನುತ್ತಾರೆ. ಫೀಸು ಕಟ್ಟಿದ್ದು ಕೊಬ್ಬರಿ ದುಡ್ಡಿನಲ್ಲಾದ್ದರಿಂದ ಅವರ ಮಾತನ್ನು ತೆಗೆದುಹಾಕಲು ನನಗೂ ಧೈರ್ಯ ಸಾಲದು. ಸಂಜೆ ಕೋಡಿಂಗ್ ಅಭ್ಯಾಸ, ರಾತ್ರಿ ಬೋರ್ಡು ಎಂದು ಸದ್ಯಕ್ಕೆ ರಾಜಿ ಮಾಡಿಕೊಂಡಿದ್ದೇನೆ.

ಅಣ್ಣ ಹೋದ ಮೇಲೆ ಒಂದು ಇಎಸ್‌ಪಿ-32 ಬೋರ್ಡು, ಒಂದು ಆಕ್ಸೆಲೆರೊಮೀಟರ್, ಹೆಬ್ಬೆರಳಗಲದ ಪರದೆ ತರಿಸಿದೆ. ಮೂರು ವಾರ ಬೇಕಾಯಿತು. ಸೆನ್ಸರನ್ನು ಅಡ್ಡಡ್ಡ ಬೆಸುಗೆ ಹಾಕಿದ್ದರಿಂದ ಗೋಲಿ ಮೊದಮೊದಲು ಎಡಕ್ಕೆ ಓರೆ ಮಾಡಿದರೆ ಮೇಲಕ್ಕೆ ಹತ್ತುತ್ತಿತ್ತು. ಸರಿಯಾದ ದಿನ ಅಪ್ಪನ ಕೈಗೆ ಕೊಟ್ಟೆ. ‘ಇದೆಷ್ಟಾಯ್ತು?’ ಅಂದರು. ‘ಮೂವತ್ತು ಕಾಯಿ ಅಪ್ಪ’ ಅಂದೆ. ಏನೂ ಹೇಳದೆ ಓರೆ ಮಾಡುತ್ತಾ ಕೂತರು. ಗೋಲಿ ನಾಲ್ಕು ಸಲ ಗುಳಿಗೆ ಬಿತ್ತು, ಐದನೇ ಸಲ ದಾಟಿತು.