ದುಬಾರಿ ಆಟಗಾರ ಬಂದರೆ ‘ಕಪ್ ನಮ್ದೇ’ನಾ? ಹರಾಜಿನ ಬಗ್ಗೆ ಹರಿದಾಡುವ ಮಾತುಗಳಲ್ಲಿ ನಿಜ ಎಷ್ಟು?

2024ರ ನವೆಂಬರ್ 24, ಭಾನುವಾರ. ಸೌದಿ ಅರೇಬಿಯಾದ ಜಿದ್ದಾ ನಗರದಲ್ಲಿ ಐಪಿಎಲ್ ಮೆಗಾ ಹರಾಜು. ಕನ್ನಡಿಗ ಕೆ.ಎಲ್. ರಾಹುಲ್ ಹೆಸರು ಬಂದಾಗ ಅಣ್ಣಿಗೇರಿಯಿಂದ ಕಲಘಟಗಿವರೆಗೆ ಎಷ್ಟೋ ಮಂದಿ ಮೊಬೈಲ್ ಮೇಲಿನ ಕಣ್ಣು ಕೀಳಲಿಲ್ಲ. ರಾಯಲ್ ಚಾಲೆಂಜರ್ಸ್ ಬೆಂಗಳೂರು (ಆರ್‌ಸಿಬಿ) ಬಿಡ್ ಮಾಡಿತು, ಆಮೇಲೆ ಹಿಂದೆ ಸರಿಯಿತು. 14 ಕೋಟಿ ರೂಪಾಯಿಗೆ ರಾಹುಲ್ ಡೆಲ್ಲಿ ಕ್ಯಾಪಿಟಲ್ಸ್ ಪಾಲಾದರು.

ಆ ರಾತ್ರಿ ವಾಟ್ಸಾಪ್ ಗ್ರೂಪ್‌ಗಳಲ್ಲಿ ಬಂದ ಸಂದೇಶಗಳು ನಿಮಗೂ ನೆನಪಿರಬಹುದು. “ರಾಹುಲ್‌ನ ಬಿಟ್ಟು ಕಪ್ ಎಲ್ಲಿಂದ ತರ್ತಾರೋ ದೋಸ್ತ”, “ಮುದುಕರ ಟೀಮ್ ಕಟ್ಯಾರ”, “ಹರಾಜು ಮೊದಲೇ ಫಿಕ್ಸ್ ಆಗೇತಿ”. ಆರು ತಿಂಗಳ ನಂತರ, 2025ರ ಜೂನ್ 3ರಂದು, ಅದೇ ತಂಡ ಅಹಮದಾಬಾದ್‌ನಲ್ಲಿ ಪಂಜಾಬ್ ಕಿಂಗ್ಸ್ ಅನ್ನು 6 ರನ್‌ಗಳಿಂದ ಸೋಲಿಸಿ, 18ನೇ ಪ್ರಯತ್ನದಲ್ಲಿ ಮೊದಲ ಸಲ ಕಪ್ ಎತ್ತಿತು.

ಹಾಗಾದರೆ ಅಭಿಮಾನಿಗಳಿಗೆ ಕ್ರಿಕೆಟ್ ಗೊತ್ತಿಲ್ಲವೇ? ಚೆನ್ನಾಗಿಯೇ ಗೊತ್ತಿದೆ. ರಾಹುಲ್ ಬಗ್ಗೆ ಅವರು ಹೇಳಿದ್ದು ಸುಳ್ಳಾಗಲಿಲ್ಲ. ಆ ಸೀಸನ್‌ನಲ್ಲಿ ಅವರು 539 ರನ್ ಹೊಡೆದರು, ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ವಿರುದ್ಧವೇ ಔಟಾಗದೆ 93 ಗಳಿಸಿ ಪಂದ್ಯ ಕಸಿದುಕೊಂಡರು. ಆದರೂ ಡೆಲ್ಲಿ ಐದನೇ ಸ್ಥಾನದಲ್ಲಿ ಉಳಿಯಿತು. ತಪ್ಪಾದದ್ದು ಒಂದೇ ಲೆಕ್ಕ: ‘ಒಳ್ಳೆ ಆಟಗಾರ ಹೋದ, ಆದ್ದರಿಂದ ಕಪ್ ಹೋಯಿತು’ ಎಂಬುದು. ಹರಾಜಿನ ಬಗ್ಗೆ ಹರಡುವ ಹೆಚ್ಚಿನ ಫಾರ್ವರ್ಡ್‌ಗಳು ಇದೇ ಲೆಕ್ಕದ ಮೇಲೆ ನಿಂತಿವೆ. ಅವುಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ 1: ಹೆಚ್ಚು ಬೆಲೆ ಎಂದರೆ ಹೆಚ್ಚು ಒಳ್ಳೆಯ ಆಟಗಾರ

ಜಿದ್ದಾ ಹರಾಜಿನ ಮೂರು ಅತಿ ದೊಡ್ಡ ಬೆಲೆಗಳು ಇವು. ರಿಷಭ್ ಪಂತ್ 27 ಕೋಟಿ (ಲಕ್ನೋ), ಶ್ರೇಯಸ್ ಅಯ್ಯರ್ 26.75 ಕೋಟಿ (ಪಂಜಾಬ್), ವೆಂಕಟೇಶ್ ಅಯ್ಯರ್ 23.75 ಕೋಟಿ (ಕೋಲ್ಕತ್ತ). ಪಂತ್ 269 ರನ್ ಗಳಿಸಿದರು, ಲಕ್ನೋ ಏಳನೆಯದಾಯಿತು. ವೆಂಕಟೇಶ್ 142 ರನ್ ಗಳಿಸಿದರು, ಕೋಲ್ಕತ್ತ ಎಂಟನೆಯದಾಯಿತು. ಶ್ರೇಯಸ್ ಮಾತ್ರ 604 ರನ್ ಹೊಡೆದು ತಂಡವನ್ನು ಫೈನಲ್‌ಗೆ ಒಯ್ದರು. ಅಂದರೆ ದುಬಾರಿ ಆಟಗಾರ ಕೆಲವೊಮ್ಮೆ ಫಲ ಕೊಡುತ್ತಾನೆ, ಕೆಲವೊಮ್ಮೆ ಇಲ್ಲ. ಬೆಲೆ ನೋಡಿ ಅದನ್ನು ಮೊದಲೇ ಹೇಳಲು ಆಗುವುದಿಲ್ಲ.

ಆರ್‌ಸಿಬಿ ಆ ಹರಾಜಿನಲ್ಲಿ ಕೊಟ್ಟ ಅತಿ ದೊಡ್ಡ ಬೆಲೆ ಜೋಶ್ ಹೇಜಲ್‌ವುಡ್‌ಗೆ, 12.50 ಕೋಟಿ. ಅವರು 22 ವಿಕೆಟ್ ತೆಗೆದರು. ಫೈನಲ್‌ನಲ್ಲಿ 4 ಓವರ್‌ಗಳಲ್ಲಿ 17 ರನ್ ಕೊಟ್ಟು 2 ವಿಕೆಟ್ ಕಿತ್ತು ಪಂದ್ಯಶ್ರೇಷ್ಠರಾದ ಕೃಣಾಲ್ ಪಾಂಡ್ಯ ಸಿಕ್ಕಿದ್ದು 5.75 ಕೋಟಿಗೆ.

ಇನ್ನೂ ಚೆನ್ನಾಗಿ ಅರ್ಥವಾಗಬೇಕೆಂದರೆ ನಮ್ಮ ದೇವದತ್ತ ಪಡಿಕ್ಕಲ್ ಅವರನ್ನೇ ನೋಡಿ. ಜಿದ್ದಾದಲ್ಲಿ ಮೊದಲ ದಿನ ಅವರನ್ನು ಯಾರೂ ಕೊಳ್ಳಲಿಲ್ಲ. ಮರುದಿನ ಮೂಲಬೆಲೆ 2 ಕೋಟಿಗೆ ಆರ್‌ಸಿಬಿ ಕೊಂಡಿತು. ಮುಂದಿನ ಜುಲೈನಲ್ಲಿ ಮಹಾರಾಜ ಟ್ರೋಫಿಯ ಹರಾಜಿನಲ್ಲಿ ಹುಬ್ಳಿ ಟೈಗರ್ಸ್ ಅವರಿಗೆ 13.20 ಲಕ್ಷ ಕೊಟ್ಟಿತು, ಆ ವರ್ಷದ ಅತಿ ದೊಡ್ಡ ಬೆಲೆ ಅದೇ. ಒಬ್ಬನೇ ಆಟಗಾರ ಎಂಟು ತಿಂಗಳೊಳಗೆ ‘ಯಾರಿಗೂ ಬೇಡ’, ‘ಮೂಲಬೆಲೆ’, ‘ಎಲ್ಲರಿಗಿಂತ ದುಬಾರಿ’ ಮೂರೂ ಆದ. ಬದಲಾದದ್ದು ಅವನ ಬ್ಯಾಟಿಂಗ್‌ಗಿಂತ ಹೆಚ್ಚಾಗಿ ಎದುರಿಗೆ ಕೂತ ಕೊಳ್ಳುವವರು, ಅವರ ಕಿಸೆ ಮತ್ತು ಅವರ ಅಗತ್ಯ.

ಬೆಲೆ ಏರುವುದು ಹೇಗೆ?

ಇದನ್ನು ಅರ್ಥಮಾಡಿಕೊಳ್ಳಲು ನವಲಗುಂದದ ರೈತರಿಗೆ ಪುಸ್ತಕ ಬೇಡ. ಎಪಿಎಂಸಿಯಲ್ಲಿ ಹತ್ತಿ, ಹೆಸರು, ಮೆಣಸಿನಕಾಯಿ ಮಾರಿದವರಿಗೆ ಇದು ಅನುಭವದ ಮಾತು. ಒಂದು ಹತ್ತಿ ರಾಶಿಯ ನಿಜವಾದ ಮೌಲ್ಯ ಕ್ವಿಂಟಲ್‌ಗೆ 7,000 ರೂಪಾಯಿ ಎಂದಿಟ್ಟುಕೊಳ್ಳಿ. ಐವರು ವ್ಯಾಪಾರಿಗಳು ನೋಡಿ ಅಂದಾಜು ಮಾಡುತ್ತಾರೆ: 6,600, 6,800, 7,000, 7,200, 7,500. ಸವಾಲು ಕೂಗಿದರೆ ರಾಶಿ ಯಾರಿಗೆ ಹೋಗುತ್ತದೆ? ಅತಿ ಹೆಚ್ಚು ಅಂದಾಜು ಮಾಡಿದವನಿಗೆ. 7,200ಕ್ಕೆ ನಾಲ್ಕನೆಯವನು ಸುಮ್ಮನಾದರೆ ಐದನೆಯವನು 7,250ಕ್ಕೆ ಗೆಲ್ಲುತ್ತಾನೆ, ಕ್ವಿಂಟಲ್‌ಗೆ 250 ರೂಪಾಯಿ ಕಳೆದುಕೊಳ್ಳುತ್ತಾನೆ. ಸರಿಯಾಗಿ ಅಂದಾಜು ಮಾಡಿದವನು ಬರಿಗೈಲಿ ಮನೆಗೆ ಹೋಗುತ್ತಾನೆ.

ಇದಕ್ಕೆ ಅರ್ಥಶಾಸ್ತ್ರದಲ್ಲಿ ‘ಗೆದ್ದವನ ಶಾಪ’ ಎನ್ನುತ್ತಾರೆ. 1971ರಲ್ಲಿ ಅಮೆರಿಕದ ತೈಲ ಕಂಪನಿಯೊಂದರ ಮೂವರು ಎಂಜಿನಿಯರ್‌ಗಳು ಇದನ್ನು ಮೊದಲು ವಿವರಿಸಿದರು. ಸಮುದ್ರದಡಿಯ ತೈಲದ ಜಾಗಗಳ ಹರಾಜಿನಲ್ಲಿ ಗೆದ್ದ ಕಂಪನಿಗಳು ನಿರೀಕ್ಷಿಸಿದ ಲಾಭ ಏಕೆ ಕಾಣುತ್ತಿಲ್ಲ ಎಂಬುದು ಅವರ ಪ್ರಶ್ನೆಯಾಗಿತ್ತು. ಹರಾಜಿನಲ್ಲಿ ಗೆಲ್ಲುವುದೇ ನೀವು ಹೆಚ್ಚು ಅಂದಾಜು ಮಾಡಿದ್ದರ ಗುರುತಾಗಿರಬಹುದು ಎಂಬುದು ಉತ್ತರ.

ಐಪಿಎಲ್‌ನಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರುತ್ತದೆ. 2025ರ ಸೀಸನ್‌ಗೆ ಪ್ರತಿ ತಂಡಕ್ಕೂ ಒಟ್ಟು 120 ಕೋಟಿಯ ಮಿತಿ ಇತ್ತು. ಉಳಿಸಿಕೊಂಡ ಆಟಗಾರರ ಖರ್ಚು ಅದರಲ್ಲೇ ಕಳೆಯಬೇಕು. ಕೊಹ್ಲಿ, ರಜತ್ ಪಾಟೀದಾರ್, ಯಶ್ ದಯಾಳ್ ಅವರಿಗೆ 37 ಕೋಟಿ ಕೊಟ್ಟ ಆರ್‌ಸಿಬಿ 83 ಕೋಟಿ ಹಿಡಿದು ಹರಾಜಿಗೆ ಹೋಯಿತು. ಇಬ್ಬರನ್ನು ಮಾತ್ರ ಉಳಿಸಿಕೊಂಡ ಪಂಜಾಬ್ ಬಳಿ 110.5 ಕೋಟಿ ಇತ್ತು. ಸಂತೆಗೆ ದುಡ್ಡು ಕಟ್ಟಿಕೊಂಡು ಬಂದವನು ಎದುರಿಗಿದ್ದರೆ ಬೆಲೆ ಏರುತ್ತದೆ. ಹಾಗಾಗಿ ಬೆಲೆಯ ಅಂಕಿ ಆಟಗಾರನಷ್ಟೇ ಕೊಂಡವನ ಕಿಸೆಯ ಬಗ್ಗೆಯೂ ಹೇಳುತ್ತದೆ.

ಹರಾಜು ಬಿಟ್ಟು ಬೇರೆ ದಾರಿ ಇಲ್ಲವೇ?

ಇದೆ. ಅಮೆರಿಕದ ವೃತ್ತಿಪರ ಫುಟ್‌ಬಾಲ್‌ನಲ್ಲಿ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅವರದೇ ಆಟ) 1936ರಿಂದ ‘ಡ್ರಾಫ್ಟ್’ ಎಂಬ ಪದ್ಧತಿ ನಡೆದುಬಂದಿದೆ. ಕಾಲೇಜು ಮುಗಿಸಿದ ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಕೊನೆಗೆ ಬಂದ ತಂಡಕ್ಕೆ ಮೊದಲ ಆಯ್ಕೆ. ಸೋತವರು ಚೇತರಿಸಿಕೊಳ್ಳಲಿ ಎಂಬುದು ಉದ್ದೇಶ. ಯಾರನ್ನು ಆರಿಸಬೇಕೆಂದು ಅಲ್ಲಿನ ಅಭಿಮಾನಿಗಳೂ ನಮ್ಮವರಂತೆಯೇ ತಿಂಗಳುಗಟ್ಟಲೆ ಜಗಳಾಡುತ್ತಾರೆ.

ಆಯ್ಕೆ ಸರಿಯಾಗುತ್ತದೆಯೇ? ಮೊದಲ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಜೇ ಬರ್ವಾಂಗರ್ ಆ ಲೀಗ್‌ನಲ್ಲಿ ಒಂದೂ ಪಂದ್ಯ ಆಡಲಿಲ್ಲ. 2000ರಲ್ಲಿ 199ನೆಯವನಾಗಿ ಆಯ್ಕೆಯಾದ ಟಾಮ್ ಬ್ರೇಡಿ ಏಳು ಸಲ ಚಾಂಪಿಯನ್ ಆದ. ಇವು ಬಿಡಿ ಕತೆಗಳು ಎನ್ನಬಹುದು. ಆದರೆ ಕೇಡ್ ಮ್ಯಾಸಿ ಮತ್ತು ಮುಂದೆ ನೊಬೆಲ್ ಪಡೆದ ರಿಚರ್ಡ್ ಥೇಲರ್ ಹಲವು ವರ್ಷಗಳ ಡ್ರಾಫ್ಟ್ ದಾಖಲೆ ತೆಗೆದು ಲೆಕ್ಕ ಹಾಕಿದರು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ, ಮೊದಲು ಆಯ್ಕೆಯಾದವನು ಅವನ ಬೆನ್ನಿಗೇ ಆಯ್ಕೆಯಾದವನಿಗಿಂತ ಉತ್ತಮನಾಗುವ ಸಾಧ್ಯತೆ ಸುಮಾರು 52 ಶೇಕಡಾ. ನಾಣ್ಯ ಚಿಮ್ಮಿದರೆ 50. ವರ್ಷವಿಡೀ ಅದೇ ಕೆಲಸ ಮಾಡುವ ಪರಿಣತರು, ಕೋಟಿಗಟ್ಟಲೆ ಖರ್ಚು ಮಾಡಿ ಗಳಿಸುವ ಮುನ್ನಡೆ ಇಷ್ಟೇ. ಈ 52 ಶೇಕಡಾ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಂಬಿಕೆ 2: ಹರಾಜು ಮೊದಲೇ ಫಿಕ್ಸ್ ಆಗಿರುತ್ತದೆ

ಈ ಅನುಮಾನಕ್ಕೆ ಹಿನ್ನೆಲೆ ಇದೆ. 2013ರಲ್ಲಿ ಸ್ಪಾಟ್ ಫಿಕ್ಸಿಂಗ್ ಮತ್ತು ಬೆಟ್ಟಿಂಗ್ ಪ್ರಕರಣ ನಡೆಯಿತು, ಆ ಬಳಿಕ ಚೆನ್ನೈ ಮತ್ತು ರಾಜಸ್ಥಾನ ತಂಡಗಳು ಎರಡು ವರ್ಷ ಹೊರಗಿದ್ದವು. ಆದರೆ ಅದು ಪಂದ್ಯಗಳಿಗೆ ಸಂಬಂಧಿಸಿದ್ದು. ಹರಾಜಿನಲ್ಲಿ ವಿಚಿತ್ರವಾಗಿ ಕಾಣುವುದಕ್ಕೆ ಸಾಮಾನ್ಯವಾಗಿ ಸರಳ ಕಾರಣಗಳೇ ಇರುತ್ತವೆ. ಎದುರಾಳಿಗೆ ವಿಕೆಟ್‌ಕೀಪರ್ ಬೇಕೇ ಬೇಕು ಎಂದು ಗೊತ್ತಿದ್ದರೆ, ಅವನ ಪರ್ಸ್ ಖಾಲಿ ಮಾಡಿಸಲು ಬೇಕೆಂದೇ ಬೆಲೆ ಏರಿಸುವವರಿದ್ದಾರೆ. ಒಳ್ಳೆ ಆಟಗಾರನ ಹೆಸರು ತಡವಾಗಿ ಬಂದರೆ ಅಷ್ಟರಲ್ಲಿ ಹಣ ಮುಗಿದಿರುತ್ತದೆ. ತಂಡದಲ್ಲಿ 25ಕ್ಕಿಂತ ಹೆಚ್ಚು ಮಂದಿ ಇರುವಂತಿಲ್ಲ, ವಿದೇಶಿಯರು 8ಕ್ಕಿಂತ ಹೆಚ್ಚಿರುವಂತಿಲ್ಲ. ‘ಫಿಕ್ಸ್’ ಎಂಬ ಸಂದೇಶ ಬಂದರೆ ಈ ಮೂರನ್ನು ಮೊದಲು ನೋಡಿ.

ನಂಬಿಕೆ 3: ಅನ್‌ಸೋಲ್ಡ್ ಆದವನ ಕತೆ ಮುಗಿಯಿತು

ಆರ್‌ಸಿಬಿ ಅಭಿಮಾನಿಗಳು ಈ ಮಾತನ್ನು ನಂಬಲೇಬಾರದು. 2011ರ ಹರಾಜಿನಲ್ಲಿ ಕ್ರಿಸ್ ಗೇಲ್ ಅವರನ್ನು ಯಾರೂ ಕೊಳ್ಳಲಿಲ್ಲ. ಗಾಯಾಳು ಡರ್ಕ್ ನ್ಯಾನಸ್ ಬದಲಿಗೆ ನಡುವೆ ಬಂದವರು 608 ರನ್ ಹೊಡೆದು ಆರೆಂಜ್ ಕ್ಯಾಪ್ ಪಡೆದರು. 2022ರಲ್ಲಿ ರಜತ್ ಪಾಟೀದಾರ್ ಕೂಡ ಅನ್‌ಸೋಲ್ಡ್. ಗಾಯಗೊಂಡ ಕರ್ನಾಟಕದ ಲವ್‌ನೀತ್ ಸಿಸೋಡಿಯಾ ಜಾಗಕ್ಕೆ ಕರೆ ಬಂತು. ಎಲಿಮಿನೇಟರ್ ಪಂದ್ಯದಲ್ಲಿ ಲಕ್ನೋ ವಿರುದ್ಧ ಔಟಾಗದೆ 112 ಹೊಡೆದರು. ಮೂರು ವರ್ಷಗಳ ನಂತರ ಆರ್‌ಸಿಬಿಗೆ ಮೊದಲ ಕಪ್ ತಂದ ನಾಯಕ ಅವರೇ.

ಈ ಮಾತನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈಗ ಹಳ್ಳಿ ಹಳ್ಳಿಗಳಲ್ಲಿ ‘ಪ್ರೀಮಿಯರ್ ಲೀಗ್’ಗಳಿವೆ. ಟೆನಿಸ್ ಬಾಲ್ ಕ್ರಿಕೆಟ್‌ಗೂ ಕಬಡ್ಡಿಗೂ ಪಾಯಿಂಟ್ ಲೆಕ್ಕದಲ್ಲಿ ಹರಾಜು ನಡೆಯುತ್ತದೆ, ಹುಡುಗರ ಫೋಟೊ ಹಾಕಿ ಪೋಸ್ಟರ್ ಮಾಡುತ್ತಾರೆ. ಮಾರಾಟವಾಗದವನ ಫೋಟೊ ಮೇಲೆ ‘ಅನ್‌ಸೋಲ್ಡ್’ ಎಂದು ಕೆಂಪು ಮುದ್ರೆ ಒತ್ತಿ ಸ್ಟೇಟಸ್ ಇಡುವ, ನಗೆ ಇಮೋಜಿ ಹಾಕುವ ಚಟವೂ ಬಂದಿದೆ. ಬೆಂಗಳೂರಿನ ಆಟಗಾರನಿಗೆ ಅದು ವೃತ್ತಿಯ ಒಂದು ದಿನ. ಹದಿನೇಳರ ಹುಡುಗನಿಗೆ ಅದು ತನ್ನದೇ ಓಣಿಯಲ್ಲಿ, ತನ್ನನ್ನು ದಿನಾ ನೋಡುವವರ ಮುಂದೆ ಆಗುವ ಅವಮಾನ. ಅಂಥ ಪೋಸ್ಟರ್ ಫಾರ್ವರ್ಡ್ ಮಾಡುವ ಮುಂಚೆ ಒಂದು ಕ್ಷಣ ನಿಲ್ಲಿ. ಸಂಘಟಕರು ‘ಅನ್‌ಸೋಲ್ಡ್’ ಪಟ್ಟಿಯನ್ನು ಗ್ರೂಪ್‌ಗೆ ಹಾಕದೆ, ಉಳಿದ ಹುಡುಗರನ್ನು ಚೀಟಿ ಎತ್ತಿ ತಂಡಗಳಿಗೆ ಹಂಚಿದರೆ ಆಟಕ್ಕೆ ಏನೂ ಕೊರತೆಯಾಗದು.

ನಂಬಿಕೆ 4: ‘ಒಳಗಿನ ಸುದ್ದಿ’ ಇದ್ದವರಿಗೆ ಎಲ್ಲಾ ಗೊತ್ತು

ಹರಾಜು ಮತ್ತು ಪಂದ್ಯಗಳ ಸಮಯದಲ್ಲಿ ‘ಪಕ್ಕಾ ಟಿಪ್’ ಕೊಡುತ್ತೇವೆ, ಹಣ ಹಾಕಿ ಎನ್ನುವ ಸಂದೇಶಗಳು ಬರುತ್ತವೆ. ಇಲ್ಲಿ ಆ 52 ಶೇಕಡಾ ನೆನಪಿಸಿಕೊಳ್ಳಿ. ಪರಿಣತರ ಪಡೆ ಇಟ್ಟುಕೊಂಡ ತಂಡಗಳಿಗೇ ಇಷ್ಟು ಕಷ್ಟವಾದದ್ದು ಹೆಸರಿಲ್ಲದ ಒಂದು ಮೊಬೈಲ್ ನಂಬರಿಗೆ ಹೇಗೆ ಗೊತ್ತಿರುತ್ತದೆ? ನಿಜವಾಗಿ ಗೊತ್ತಿದ್ದರೆ ನಿಮಗೇಕೆ ಮಾರುತ್ತಿದ್ದ? ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಇಂಥ ಸಂದೇಶ ನಂಬಿ ಹಣ ಕಳೆದುಕೊಂಡವರು ನಾಚಿಕೆಪಟ್ಟು ಸುಮ್ಮನಿರಬೇಡಿ, ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಾಗಾದರೆ ಹರಾಜಿನ ಬಗ್ಗೆ ವಾದ ಮಾಡುವುದೇ ತಪ್ಪೇ?

ಖಂಡಿತ ಅಲ್ಲ. ಕಟ್ಟೆಯ ಮೇಲೆ ಕೂತು ತಂಡ ಕಟ್ಟುವ ಸುಖವೇ ಬೇರೆ. ವಾದಕ್ಕೆ ಕೂರುವ ಮುನ್ನ ನಾಲ್ಕು ಪ್ರಶ್ನೆ ಕೇಳಿಕೊಂಡರೆ ಸಾಕು.

1. ಈ ಆಟಗಾರ ತಂಡದಲ್ಲಿ ಯಾವ ಖಾಲಿ ಜಾಗ ತುಂಬುತ್ತಾನೆ?
2. ಅವನನ್ನು ಕೊಂಡ ಮೇಲೆ ಪರ್ಸ್‌ನಲ್ಲಿ ಎಷ್ಟು ಉಳಿಯುತ್ತದೆ, ಇನ್ನೂ ಎಷ್ಟು ಜನ ಬೇಕು?
3. ಅವನ ಹೆಸರು ಎಷ್ಟು ಪಂದ್ಯಗಳ ಆಟದಿಂದ ಬಂದಿದೆ? ಒಂದೇ ಇನಿಂಗ್ಸ್‌ನಿಂದಲೋ, ಮೂರು ವರ್ಷಗಳ ಆಟದಿಂದಲೋ?
4. ಅವನು ಗಾಯಗೊಂಡರೆ ಬದಲಿ ಯಾರು?

2025ರ ಆರ್‌ಸಿಬಿಯನ್ನು ಈ ಪ್ರಶ್ನೆಗಳಿಂದ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಹೆಸರುವಾಸಿ ಬ್ಯಾಟರ್ ಒಬ್ಬರ ಮೇಲೆ ಹಣ ಸುರಿಯುವ ಬದಲು ಹೇಜಲ್‌ವುಡ್, ಭುವನೇಶ್ವರ್ (10.75 ಕೋಟಿ), ಕೃಣಾಲ್, ಸುಯಶ್ ಶರ್ಮಾ (2.60 ಕೋಟಿ) ಎಂದು ಬೌಲಿಂಗ್ ಕಟ್ಟಿತು. ಲೀಗ್ ಹಂತದಲ್ಲಿ ತವರಿನಾಚೆ ಆಡಿದ ಏಳೂ ಪಂದ್ಯ ಗೆದ್ದಿತು. ಚೆನ್ನಾಗಿ ಆಡುತ್ತಿದ್ದ ಪಡಿಕ್ಕಲ್ ಗಾಯಗೊಂಡಾಗ ಬದಲಿಗೆ ಬಂದ ಮಯಾಂಕ್ ಅಗರ್‌ವಾಲ್ ಆ ಜಾಗ ತುಂಬಿದರು.

ಹಾಗೆಂದು ಇದನ್ನೇ ಸೂತ್ರ ಮಾಡಿಕೊಳ್ಳಲೂ ಆಗದು. ಅದೇ ವರ್ಷ ಅತಿ ದುಬಾರಿ ಪಡಿಕ್ಕಲ್ ಅವರನ್ನು ಕೊಂಡ ಹುಬ್ಳಿ ಟೈಗರ್ಸ್ ಮಹಾರಾಜ ಟ್ರೋಫಿಯ ಫೈನಲ್ ತಲುಪಿ ಮಂಗಳೂರು ಡ್ರ್ಯಾಗನ್ಸ್‌ಗೆ ಸೋತಿತು. ಒಂದು ಫೈನಲ್ ಆರು ರನ್ನಿನಲ್ಲಿ ಈಚೆ ಬಂತು, ಇನ್ನೊಂದು ಆಚೆ ಹೋಯಿತು. ತಂಡ ಕಟ್ಟಿದ ರೀತಿ ಫೈನಲ್‌ವರೆಗೆ ಕರೆದೊಯ್ಯಬಹುದು, ಆ ರಾತ್ರಿಯ ಅದೃಷ್ಟಕ್ಕೆ ಯಾರ ಪರ್ಸ್‌ನಲ್ಲೂ ಹಣವಿಲ್ಲ.

ಕುಂದಗೋಳದ ಸಂತೆಯಲ್ಲಿ ಎತ್ತು ಕೊಳ್ಳಲು ಹೋದ ರೈತ ಹಲ್ಲು, ಗೊರಸು, ನಡಿಗೆ ಎಲ್ಲಾ ನೋಡುತ್ತಾನೆ. ಆದರೆ ಮನಸ್ಸಿನಲ್ಲಿ ಇರುವುದು ಮನೆಯಲ್ಲಿ ಕಟ್ಟಿರುವ ಇನ್ನೊಂದು ಎತ್ತು. ಅದಕ್ಕೆ ಜೋಡಿಯಾಗದಿದ್ದರೆ ಎಷ್ಟೇ ದೊಡ್ಡ ಎತ್ತಾದರೂ ಕುಂಟೆ ನೆಟ್ಟಗೆ ಹೋಗುವುದಿಲ್ಲ ಎಂದು ಅವನಿಗೆ ಗೊತ್ತು. ಮುಂದಿನ ಹರಾಜಿನ ರಾತ್ರಿ “ಇಂವನ್ನ ಬಿಟ್ರು, ಕಪ್ ಹೋತು” ಎಂಬ ಫಾರ್ವರ್ಡ್ ಬಂದಾಗ, ಜೋಡಿ ಎತ್ತು ಯಾವುದು ಎಂದು ಗ್ರೂಪ್‌ನಲ್ಲಿ ಒಮ್ಮೆ ಕೇಳಿ ನೋಡಿ.