ಡೂಡಲ್ ಮರಿಗೆ ಲಕ್ಷ ಕೊಡಬಹುದೇ?

ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿದರೆ ಲ್ಯಾಬ್ರಡೂಡಲ್. ಕಾಕರ್ ಸ್ಪ್ಯಾನಿಯಲ್ ಮತ್ತು ಪೂಡಲ್ ಕೂಡಿದರೆ ಕಾಕಾಪೂ. ಗುಂಗುರು ಕೂದಲಿನ ಈ ಮರಿಗಳು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಈಗ ಕಾಣಸಿಗುತ್ತವೆ. ಬೇಕೆಂದೇ ಎರಡು ಜಾತಿ ಕೂಡಿಸಿ ಹುಟ್ಟಿಸಿದ ಮರಿಯನ್ನು ಇಷ್ಟು ದುಡ್ಡು ಸುರಿದು ತರುವುದು ಸರಿಯೇ? ಲ್ಯಾಬ್ರಡೂಡಲ್ ಸಾಕಿರುವ ಒಬ್ಬರು ಮತ್ತು ಬೀದಿಪಾಲಾದ ಸಾಕುನಾಯಿಗಳಿಗೆ ಮನೆಯಲ್ಲಿ ಆಸರೆ ಕೊಡುವ ಇನ್ನೊಬ್ಬರು ಇಲ್ಲಿ ವಾದಿಸಿದ್ದಾರೆ.

ಪರ: ತಿಳಿದು ತನ್ನಿ, ಧೈರ್ಯವಾಗಿ ತನ್ನಿ

ನಮ್ಮ ಲ್ಯಾಬ್ರಡೂಡಲ್‌ಗೆ ಈಗ ನಾಲ್ಕು ವರ್ಷ. ರಾತ್ರಿ ಊಟವಾದ ಮೇಲೆ ನಾನು ಚಾಪೆ ಹಾಸಿ ಸ್ಟೀಲ್ ಬಾಚಣಿಗೆ ತೆಗೆದರೆ ಸಾಕು, ತಾನೇ ಬಂದು ಮಗ್ಗುಲಾಗಿ ಮಲಗುತ್ತಾನೆ. ಮೊದಲು ಕಿವಿಯ ಹಿಂದೆ, ಆಮೇಲೆ ಕಂಕುಳು, ತೊಡೆಸಂದು, ಕೊನೆಗೆ ಬಾಲದ ಬುಡ. ಬೈತಲೆ ತೆಗೆದಂತೆ ಕೂದಲು ಬಿಡಿಸಿ, ಹಲ್ಲು ಚರ್ಮಕ್ಕೆ ತಾಕುವವರೆಗೂ ಬಾಚಬೇಕು. ಮೇಲೆ ಮೇಲೆ ಬಾಚಿದರೆ ನೋಡಲು ಮೋಡದಂತಿರುತ್ತದೆ, ಒಳಗೆ ಸಿಕ್ಕು ಹಾಗೇ ಉಳಿಯುತ್ತದೆ. ಇಪ್ಪತ್ತು ನಿಮಿಷದ ಕೆಲಸ. ಮುಗಿಯುವಾಗ ಬಾಚಣಿಗೆಯಲ್ಲಿ ಒಂದು ಹಿಡಿ ಕೂದಲಿರುತ್ತದೆ. ಬೇರೆ ನಾಯಿಯಾಗಿದ್ದರೆ ಅದು ಸೋಫಾದ ಮೇಲೆ ಬಿದ್ದಿರುತ್ತಿತ್ತು.

ಇದನ್ನೇ ಮೊದಲು ಹೇಳಲು ಕಾರಣವಿದೆ. ಈ ನಾಯಿಯ ಕೂದಲು ಉದುರದು ಎಂದರೆ ಸತ್ತ ಕೂದಲು ಗುಂಗುರಿನೊಳಗೇ ಸಿಕ್ಕಿಕೊಳ್ಳುತ್ತದೆ ಎಂದರ್ಥ. ಮರಿಗೂದಲು ಹೋಗಿ ದೊಡ್ಡವರ ಕೂದಲು ಬರುವ ಆರರಿಂದ ಹತ್ತನೇ ತಿಂಗಳ ನಡುವೆಯಂತೂ ಬೆಳಗ್ಗೆ ಬಿಡಿಸಿದ ಸಿಕ್ಕು ಸಂಜೆಗೆ ಮತ್ತೆ ಕಟ್ಟುತ್ತಿತ್ತು. ಆರೆಂಟು ವಾರಕ್ಕೊಮ್ಮೆ ಗ್ರೂಮರ್ ಬಳಿ ಕತ್ತರಿಸಲು ಹೋಗಲೇಬೇಕು. ಈ ಲೆಕ್ಕವನ್ನು ಮೊದಲೇ ಹಾಕಿದ್ದೆವು, ಆದ್ದರಿಂದ ನಮಗೆ ಮೋಸವಾಯಿತು ಅನ್ನಿಸಿಲ್ಲ.

ಬೆರಕೆ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಇವತ್ತು ಜಾತಿನಾಯಿ ಎಂದು ಕೊಂಡಾಡುವ ಡಾಬರ್‌ಮನ್ ಕೂಡ 19ನೇ ಶತಮಾನದ ಕೊನೆಗೆ ಜರ್ಮನಿಯ ಅಪೋಲ್ಡಾ ಊರಿನಲ್ಲಿ ತೆರಿಗೆ ವಸೂಲಿಗಾರನೊಬ್ಬ ಹಲವು ನಾಯಿಗಳನ್ನು ಕೂಡಿಸಿ ಮಾಡಿದ್ದು. ಬ್ರಿಟನ್ನಿನಲ್ಲಿ ಕಣ್ಣು ಕಾಣದವರಿಗೆ ದಾರಿ ತೋರುವ ನಾಯಿಗಳಲ್ಲಿ ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್ ಬೆರಕೆಯವೇ ಬಹಳ. ಕೂಡಿಸುವುದು ತಪ್ಪಲ್ಲ. ಏಕೆ ಕೂಡಿಸುತ್ತೇವೆ, ಯಾವುದನ್ನು ಕೂಡಿಸುತ್ತೇವೆ ಎಂಬುದು ಮುಖ್ಯ.

ಲ್ಯಾಬ್ರಡೂಡಲ್ ಹುಟ್ಟಿದ್ದೂ ಒಬ್ಬ ಹೆಣ್ಣುಮಗಳ ಅಗತ್ಯಕ್ಕೆ. ಹವಾಯಿಯಲ್ಲಿದ್ದ ಆಕೆಗೆ ದೃಷ್ಟಿ ಇರಲಿಲ್ಲ, ಗಂಡನಿಗೆ ನಾಯಿ ಎಂದರೆ ಅಲರ್ಜಿ. ಆಸ್ಟ್ರೇಲಿಯಾದ ಗೈಡ್ ಡಾಗ್ ಸಂಸ್ಥೆಗೆ ಬರೆದು ಕೇಳಿದಾಗ ಅಲ್ಲಿನ ವಾಲಿ ಕಾನ್ರನ್ ಮೂರು ವರ್ಷದಲ್ಲಿ 33 ಪೂಡಲ್‌ಗಳನ್ನು ಪಳಗಿಸಲು ನೋಡಿದರು. ಒಂದೂ ದಾರಿ ತೋರುವ ಕೆಲಸಕ್ಕೆ ಒದಗಲಿಲ್ಲ. ಆಮೇಲೆ ಲ್ಯಾಬ್ರಡಾರ್ ಜೊತೆ ಕೂಡಿಸಿದರು. ಮೂರು ಮರಿಗಳ ಕೂದಲು, ಜೊಲ್ಲು ಹವಾಯಿಗೆ ಹೋದವು. ಅವುಗಳಲ್ಲಿ ಸುಲ್ತಾನ್ ಎಂಬ ಮರಿ ಆ ಮನೆಗೆ ಹೊಂದಿತು. 1989ರ ಮಾತು ಇದು.

ನಾವು ಮರಿ ತರುವ ಮೊದಲು ಮೂರು ಕಡೆಯಿಂದ ಬರಿಗೈಯಲ್ಲಿ ವಾಪಸು ಬಂದಿದ್ದೆವು. ಒಬ್ಬರು ತಾಯಿನಾಯಿಯನ್ನು ತೋರಿಸಲಿಲ್ಲ. ಒಬ್ಬರು ಐದು ವಾರದ ಮರಿಯನ್ನು ಕೈಗಿಡಲು ಬಂದರು. 2017ರ ಕೇಂದ್ರ ನಿಯಮದ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಮೂರನೆಯವರು ಅಪ್ಪ ಅಮ್ಮನ ಸೊಂಟದ ಎಕ್ಸ್‌ರೇ ಕೇಳಿದ್ದಕ್ಕೇ ಮುಖ ತಿರುಗಿಸಿದರು. ನಾಲ್ಕನೆಯ ಮನೆಯಲ್ಲಿ ತಾಯಿ ನಮ್ಮ ಕೈ ನೆಕ್ಕಿದಳು, ಎಕ್ಸ್‌ರೇ ಕಡತದಲ್ಲಿತ್ತು.

ಸ್ವಭಾವದ ಬಗ್ಗೆಯೂ ಭ್ರಮೆ ಬೇಡ. ಲ್ಯಾಬ್ರಡಾರ್, ಪೂಡಲ್ ಎರಡೂ ನೀರಿಗಿಳಿದು ಬೇಟೆಯ ಹಕ್ಕಿಯನ್ನು ಹೊತ್ತು ತರಲೆಂದು ಬೆಳೆಸಿದ ಜಾತಿಗಳು. ಬೊಂಬೆಯಂತೆ ಕಂಡರೂ ಬೆಳಗ್ಗೆ ಸಂಜೆ ನಡೆಸದಿದ್ದರೆ ಮನೆ ಉಳಿಯದು. ಹತ್ತು ತಿಂಗಳಿದ್ದಾಗ ಸಂತೋಷಕ್ಕೆ ಹಾರಿ ನಮ್ಮತ್ತೆಯವರನ್ನು ಬೀಳಿಸಿಬಿಟ್ಟಿದ್ದ. ಅಂದಿನಿಂದ ಮೂರು ತಿಂಗಳು ಕೂತು ಕಲಿಸಿದೆವು. ಈಗ ಅವರ ಕೋಲಿನ ಸದ್ದು ಕೇಳಿದರೆ ಎಲ್ಲಿದ್ದನೋ ಅಲ್ಲೇ ಕೂರುತ್ತಾನೆ, ಅವರು ದಾಟಿಹೋಗುವವರೆಗೆ ಏಳುವುದಿಲ್ಲ. ಅಷ್ಟು ಬೇಗ ಕಲಿತ ಅವನ ಬುದ್ಧಿಗೆ ನಾನು ಸೋತಿದ್ದೇನೆ.

ಬೆರಕೆಗೆ ರೋಗ ಜಾಸ್ತಿ ಎಂಬ ಮಾತೂ ನಿಲ್ಲುವುದಿಲ್ಲ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜು 2024ರಲ್ಲಿ ಲ್ಯಾಬ್ರಡೂಡಲ್, ಕಾಕಾಪೂ ಮತ್ತು ಕ್ಯಾವಪೂ ಎಂಬ ಇನ್ನೊಂದು ಪೂಡಲ್ ಬೆರಕೆಯನ್ನು ಅವುಗಳ ಮೂಲ ಜಾತಿಗಳ ಜೊತೆ 57 ಕಾಯಿಲೆಗಳ ವಿಷಯದಲ್ಲಿ ಹೋಲಿಸಿ ನೋಡಿತು. ನೂರರಲ್ಲಿ ಸುಮಾರು 87 ಹೋಲಿಕೆಗಳಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.

ವಿರೋಧ: ಯಾರೂ ಕೊಡಲಾಗದ ಮಾತನ್ನು ಮಾರಬೇಡಿ

ಕಳೆದ ಮಳೆಗಾಲ ನನ್ನ ಮನೆಗೆ ಮೂರು ವರ್ಷದ ಒಂದು ಕಾಕಾಪೂ ಬಂತು. ದೂರದಿಂದ ದಪ್ಪ ಮರಿಯಂತೆ ಕಂಡಿತು, ಮುಟ್ಟಿದರೆ ಒಳಗೆ ಎಲುಬು. ಮೈಕೂದಲು ಪೂರ್ತಿ ಜಡೆಗಟ್ಟಿ ಗಟ್ಟಿಯಾಗಿತ್ತು. ಡಾಕ್ಟರು ಮತ್ತು ಬರಿಸಿ ಮಷೀನ್ ಹಾಕಿದಾಗ ಅದು ಕುರಿಕಂಬಳಿಯಂತೆ ಒಂದೇ ತುಂಡಾಗಿ ಸುಲಿದುಬಂತು. ಅದರಲ್ಲಿ ಉತ್ತರಾಣಿ ಬೀಜ, ಉಣ್ಣಿ, ಒಣಗಿದ ಮೂತ್ರ. ಕೆಳಗಿನ ಚರ್ಮ ಬೆವರುಸಾಲೆ ಎದ್ದ ಮಗುವಿನದರಂತೆ ಕೆಂಪಗಿತ್ತು. ಎರಡು ಕಿವಿಯಲ್ಲೂ ಕೀವು. ಎಚ್ಚರವಾದ ಮೇಲೆ ನಾಯಿ ಎದ್ದು ನಿಂತು ಮೈ ಕೊಡವಿತು, ಮತ್ತೆ ಮತ್ತೆ ಕೊಡವಿತು.

ಸಾಕಿದವರು ಕೆಟ್ಟವರಲ್ಲ. "ಕೂದಲು ಉದುರಲ್ಲ ಸಾರ್, ಬಾಚೋದೂ ಬೇಡ ಅಂದಿದ್ರು. ಮಗಳಿಗೆ ಅಲರ್ಜಿ ಇತ್ತು, ಅದಕ್ಕೇ ಇದನ್ನ ತಂದ್ವಿ. ಅವಳ ಸೀನು ನಿಲ್ಲಲೇ ಇಲ್ಲ" ಎಂದು ಆ ತಾಯಿ ಕಣ್ಣೀರಿಟ್ಟರು. ಮಗು ಸೀನುತ್ತಿದ್ದ ಕಾರಣ ನಾಯಿ ಬಾಲ್ಕನಿಗೆ ಹೋಯಿತು. ಬಾಲ್ಕನಿಗೆ ಹೋದ ಮೇಲೆ ಯಾರೂ ಬಾಚಲಿಲ್ಲ.

ಪರ ಬರೆದವರು ಬಾಚಣಿಗೆಯಿಂದ ಶುರುಮಾಡಿದ್ದಾರೆ, ಅದು ಅವರ ಪ್ರಾಮಾಣಿಕತೆ. ಆದರೆ ಈ ಮರಿಗಳು ಮಾರಾಟವಾಗುವುದು ಬಾಚಣಿಗೆ ತೋರಿಸಿ ಅಲ್ಲ, ಅಲರ್ಜಿ ಬರುವುದಿಲ್ಲ ಎಂಬ ಒಂದು ಮಾತಿನ ಮೇಲೆ. ಆ ಮಾತು ಸುಳ್ಳು. ಸೀನು ಬರಿಸುವುದು ಕೂದಲಲ್ಲ. ನಾಯಿಯ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನುಗಳು. ಅವುಗಳಲ್ಲಿ ಮುಖ್ಯವಾದದ್ದಕ್ಕೆ ಕ್ಯಾನ್ ಎಫ್ 1 ಎಂದು ಹೆಸರು. ಗುಂಗುರು ಕೂದಲಿನ ನಾಯಿಯೂ ಮೈ ನೆಕ್ಕುತ್ತದೆ, ಅದರ ಚರ್ಮವೂ ಹೊಟ್ಟೇಳುತ್ತದೆ. 2011ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಸಂಶೋಧಕರು 173 ಮನೆಗಳ ದೂಳು ಪರೀಕ್ಷಿಸಿದರು. ಅಲರ್ಜಿ ಬರಿಸದವು ಎನ್ನಲಾಗುವ ಜಾತಿಗಳಿದ್ದ ಮನೆಗಳಲ್ಲಿ ಈ ಪ್ರೋಟೀನು ಕಡಿಮೆಯೇನೂ ಇರಲಿಲ್ಲ.

ಸುಲ್ತಾನ್‌ನ ಕಥೆಯನ್ನು ಪರ ಬರೆದವರು ಅರ್ಧಕ್ಕೆ ನಿಲ್ಲಿಸಿದರು. ಉಳಿದದ್ದನ್ನು ನಾನು ಹೇಳುತ್ತೇನೆ. ಮೂರರಲ್ಲಿ ಒಂದು ಮರಿ ಹೊಂದಿದ್ದನ್ನು ಅವರೇ ಬರೆದಿದ್ದಾರೆ. ಮುಂದಿನ ಸೂಲಿನಲ್ಲಿ ಹತ್ತು ಮರಿ ಹುಟ್ಟಿದವು, ಅಲರ್ಜಿ ತಟ್ಟದ್ದು ಮೂರೇ. ಬೆರಕೆ ಮರಿ ಯಾರಿಗೂ ಬೇಡವಾದಾಗ ಕಾನ್ರನ್ ಲ್ಯಾಬ್ರಡೂಡಲ್ ಎಂದು ಹೊಸ ಹೆಸರು ಕಟ್ಟಿದರು, ಆಮೇಲೆ ಜನ ಮುಗಿಬಿದ್ದರು. ತಾನು ಮಾಡಿದ್ದಕ್ಕೆ ಪಶ್ಚಾತ್ತಾಪವಿದೆ ಎಂದು 2019ರಲ್ಲಿ ಅವರೇ ಹೇಳಿಕೊಂಡರು, ಸಿಕ್ಕಸಿಕ್ಕವರೆಲ್ಲ ದುಡ್ಡಿಗಾಗಿ ನಾಯಿಗಳನ್ನು ಕೂಡಿಸುತ್ತಿರುವುದನ್ನು ಕಂಡು.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತೇವೆ. ಇಲ್ಲಿ ನೂಲು ಎರಡು ಬಗೆಯದು. ಯಾವ ಎಳೆ ಎಲ್ಲಿ ಮೇಲೆ ಬರುತ್ತದೆಂದು ನೇಯ್ದವನಿಗೂ ತಿಳಿಯದು. ಮೊದಲ ತಲೆಮಾರಿನ ಮರಿಗಳನ್ನು ಎಫ್1 ಎನ್ನುತ್ತಾರೆ. ಗಡ್ಡಮೀಸೆ ಕೊಡುವ ಜೀನು ಪೂಡಲ್‌ನಿಂದ ಒಂದು ಪ್ರತಿ ಬಂದರೂ ಸಾಕಾದ್ದರಿಂದ ಸಾಮಾನ್ಯವಾಗಿ ಇವಕ್ಕೆಲ್ಲ ಗಡ್ಡ ಬರುತ್ತದೆ, ಆದರೆ ಗುಂಗುರು, ಉದುರುವಿಕೆ ಒಂದೊಂದು ಮರಿಗೆ ಒಂದೊಂದು ರೀತಿ. ಎಫ್1 ನಾಯಿಯನ್ನು ಮತ್ತೆ ಪೂಡಲ್‌ಗೆ ಕೂಡಿಸಿದರೆ ಎಫ್1ಬಿ, ಗುಂಗುರು ಜಾಸ್ತಿ. ಎರಡು ಎಫ್1 ಕೂಡಿದರೆ ಕೆಲವು ಮರಿ ಗಡ್ಡವಿಲ್ಲದೆ ಅಜ್ಜನಾದ ಲ್ಯಾಬ್ರಡಾರನ್ನೇ ಹೋಲುತ್ತವೆ. ಆ ಗಡ್ಡವಿಲ್ಲದ ಮರಿಗಳಿಗೆ ಏನಾಗುತ್ತದೆ ಎಂದು ಮಾರುವವರನ್ನು ಕೇಳಿ ನೋಡಿ.

ಬೆರಕೆಯಾದರೆ ರೋಗ ಹತ್ತಿರ ಸುಳಿಯದು ಎಂಬುದು ಮಾರುವವರ ಇನ್ನೊಂದು ಮಾತು. ಪರ ಬರೆದವರು ಕೊಟ್ಟ 87ರ ಲೆಕ್ಕವನ್ನೇ ತಿರುಗಿಸಿ ಓದಿ. ಹೆಚ್ಚು ರೋಗವಿಲ್ಲ ನಿಜ, ಕಡಿಮೆಯೂ ಇಲ್ಲ. ನಿಧಾನವಾಗಿ ಕಣ್ಣು ಕಳೆಯುವ ಒಂದು ಕಾಯಿಲೆಯ ಜೀನುದೋಷ ಲ್ಯಾಬ್ರಡಾರ್, ಪೂಡಲ್, ಕಾಕರ್ ಸ್ಪ್ಯಾನಿಯಲ್ ಮೂರರಲ್ಲೂ ಒಂದೇ. ಅಪ್ಪನಿಂದೊಂದು, ಅಮ್ಮನಿಂದೊಂದು ಪ್ರತಿ ಬಂದರೆ ಬೆರಕೆ ಮರಿಗೂ ಕಣ್ಣು ಹೋಗುತ್ತದೆ. ಅಪ್ಪ ಅಮ್ಮನ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಮೊದಲೇ ತಿಳಿಯುತ್ತದೆ. ಅದನ್ನು ಮಾಡಿಸಿದ ಕಾಗದ ತೋರಿಸುವವರನ್ನು ನಾನು ಹೆಚ್ಚು ಕಂಡಿಲ್ಲ. ಎಫ್1ಬಿ ಎಂದು ಬರೆದ ಫೋಟೊ ಮಾತ್ರ ಮೊಬೈಲಿಗೆ ಬರುತ್ತದೆ, ತಾಯಿನಾಯಿ ಯಾವ ಶೆಡ್ಡಿನಲ್ಲಿದೆಯೋ!

ನನ್ನ ಮಾತು ಬೆರಕೆಯ ವಿರುದ್ಧವಲ್ಲ. ನನ್ನ ಬಾಗಿಲಲ್ಲಿ ಮಲಗುವ ನಾಟಿನಾಯಿಯ ಅಪ್ಪ ಅಮ್ಮ ಯಾರೆಂದು ಯಾರಿಗೂ ಗೊತ್ತಿಲ್ಲ, ಅದರ ಕೂದಲಿಗೆ ವಾರಕ್ಕೊಮ್ಮೆ ಕೈಯಾಡಿಸಿದರೆ ಸಾಕು. ದೊಡ್ಡದಾದ ನಾಯಿಯನ್ನು ಆಸರೆಮನೆಯಿಂದ ತರುವವರಿಗೆ ಅದರ ಗಾತ್ರ, ಕೂದಲು, ಸ್ವಭಾವ ಎಲ್ಲವೂ ಕಣ್ಣೆದುರಿಗೇ ಇರುತ್ತವೆ. ಊಹೆಗೆ ಲಕ್ಷ ಕೊಡಬೇಡಿ ಎಂಬುದಷ್ಟೇ ನನ್ನ ವಾದ.

ಪರದವರ ಮರುಮಾತು

ಅಲರ್ಜಿಯ ವಿಷಯದಲ್ಲಿ ಅವರು ಹೇಳಿದ್ದನ್ನು ಒಪ್ಪುತ್ತೇನೆ. ನಮ್ಮ ಮನೆಯಲ್ಲಿ ಯಾರಿಗೂ ಅಲರ್ಜಿ ಇಲ್ಲ, ಇದ್ದಿದ್ದರೆ ತರುತ್ತಿರಲಿಲ್ಲ. ಅಲರ್ಜಿಯಿರುವ ಮಗುವಿದ್ದರೆ ಮರಿ ಇರುವ ಮನೆಗೆ ಮೂರು ನಾಲ್ಕು ಸಲ ಕರೆದೊಯ್ಯಿರಿ, ಅಲರ್ಜಿ ಡಾಕ್ಟರಿಗೆ ತೋರಿಸಿ, ಆಮೇಲೆ ಮುಂಗಡ ಕೊಡುವ ಮಾತು. ಆದರೆ ಕೆಟ್ಟ ಮಾರಾಟಗಾರರು ಜಾತಿನಾಯಿ ಮಾರುವವರಲ್ಲೂ ಇದ್ದಾರೆ. ಅವರ ಮೇಲಿನ ಸಿಟ್ಟನ್ನು ಈ ನಾಯಿಗಳ ಮೇಲೆ ಹೊರಿಸುವುದು ನ್ಯಾಯವಲ್ಲ.

ವಿರೋಧದವರ ಮರುಮಾತು

ನಾಯಿಗಳ ಮೇಲೆ ನನಗೆ ಸಿಟ್ಟಿಲ್ಲ. ಆ ಕಾಕಾಪೂ ನನ್ನಲ್ಲೇ ಉಳಿದಿದೆ. ಕೂದಲು ಎರಡು ಬೆರಳಷ್ಟು ಬಂದಿದೆ, ಕಿವಿ ಒಣಗಿದೆ. ದಿನಾ ರಾತ್ರಿ ನಾನೂ ಬಾಚುತ್ತೇನೆ. ಕಂಕುಳಿಗೆ ಬಾಚಣಿಗೆ ತಂದಾಗ ಇವತ್ತಿಗೂ ಹಲ್ಲು ತೋರಿಸುತ್ತದೆ. ಆಗ ಬಾಚಣಿಗೆ ಕೆಳಗಿಟ್ಟು ಕೈಯಿಂದಲೇ ಸಿಕ್ಕು ಬಿಡಿಸುತ್ತೇನೆ.