ಗ್ರಾಮುಗಳ ಮೋಹ

ಬೆಟ್ಟದ ಹಾದಿಯ ಸೈಕಲ್ಲಿಗೆ ಚಕ್ರ ಕಟ್ಟಿಸಲು ಹೊರಟ ತರುಣರು ಮೊದಲು ಕೇಳುವ ಪ್ರಶ್ನೆ ‘ಎಷ್ಟು ಗ್ರಾಂ?’ ಎಂಬುದು. ಎಷ್ಟು ವರ್ಷ ಬಾಳುತ್ತದೆ, ಕಡ್ಡಿ ತುಂಡಾದರೆ ಬದಲಿ ಎಲ್ಲಿ ಸಿಗುತ್ತದೆ ಎಂದು ಕೇಳುವವರು ವಿರಳ. ಮಾರುವವರಿಗೂ ಇದು ಅನುಕೂಲವೇ. ತೂಕವನ್ನು ತಕ್ಕಡಿಯಲ್ಲಿಟ್ಟು ತೋರಿಸಬಹುದು, ಬಾಳಿಕೆಯನ್ನು ತೋರಿಸಲು ಬರುವುದಿಲ್ಲ. ಈ ಮೋಹವನ್ನು ನಾನು ಒಪ್ಪಲಾರೆ.

ಮೂರು ದಶಕ ಭೌತಶಾಸ್ತ್ರ ಬೋಧಿಸಿದವನು ಲೆಕ್ಕವಿಲ್ಲದೆ ವಾದಕ್ಕಿಳಿಯಬಾರದಷ್ಟೆ. ತಿರುಗುವ ತೂಕ ಎರಡು ಪಟ್ಟು ಎಂಬ ಮಾತನ್ನು ಎಲ್ಲರೂ ಮಂತ್ರದಂತೆ ಜಪಿಸುತ್ತಾರೆ. ಮಾತು ಸುಳ್ಳಲ್ಲ, ರಿಮ್ಮಿನ ದ್ರವ್ಯರಾಶಿಗೆ ಮುಂದೆ ಸಾಗುವ ಚಲನಶಕ್ತಿಯ ಜೊತೆಗೆ ಬಹುಮಟ್ಟಿಗೆ ಅಷ್ಟೇ ಪ್ರಮಾಣದ ಆವರ್ತ ಚಲನಶಕ್ತಿಯೂ ಉಂಟು. ಆದರೆ ಅದು ಲೆಕ್ಕಕ್ಕೆ ಬರುವುದು ವೇಗ ಬದಲಾಗುವಾಗ ಮಾತ್ರ. ಎರಡು ರಿಮ್ಮುಗಳಲ್ಲಿ 200 ಗ್ರಾಂ ಉಳಿಸಿದರೆ 400 ಗ್ರಾಂ ಉಳಿಸಿದಂತಾಯಿತು. ಸವಾರ ಮತ್ತು ಸೈಕಲ್ ಸೇರಿ 90 ಕಿಲೋ ಎಂದುಕೊಂಡರೆ ಇದು ಶೇಕಡಾ ಅರ್ಧವನ್ನೂ ಮುಟ್ಟುವುದಿಲ್ಲ. ಸಮವೇಗದಲ್ಲಿ ಏರು ಹತ್ತುವಾಗಲಂತೂ ರಿಮ್ಮಿನ 200 ಗ್ರಾಂ ಮತ್ತು ಬಾಟಲಿಯ ನೀರಿನ 200 ಗ್ರಾಂ ನಡುವೆ ಭೇದವೇ ಇಲ್ಲ.

ಇಷ್ಟು ಅಲ್ಪ ಲಾಭಕ್ಕಾಗಿ ಏನನ್ನು ಬಿಟ್ಟುಕೊಡುತ್ತಿದ್ದೇವೆ? ಮೊದಲನೆಯದಾಗಿ ಕಡ್ಡಿಗಳನ್ನು. ಚಕ್ರದ ಕಡ್ಡಿ ಸಾಮಾನ್ಯವಾಗಿ ಒಂದೇ ಪೆಟ್ಟಿಗೆ ಮುರಿಯುವುದಿಲ್ಲ, ದಣಿದು ಮುರಿಯುತ್ತದೆ. ಅಮೆರಿಕದ ಎಂಜಿನಿಯರ್ ಜಾಬ್ಸ್ಟ್ ಬ್ರ್ಯಾಂಟ್ 1981ರ ‘ದಿ ಬೈಸಿಕಲ್ ವೀಲ್’ ಪುಸ್ತಕದಲ್ಲಿ ಇದನ್ನು ವಿಶದವಾಗಿ ವಿವರಿಸಿದರು. ಪ್ರತಿ ಸುತ್ತಿನಲ್ಲೂ ನೆಲದ ಬಳಿಯ ಕಡ್ಡಿಯ ಬಿಗಿತ ಇಳಿದು ಮತ್ತೆ ಏರುತ್ತದೆ. 29 ಇಂಚಿನ ಚಕ್ರದಲ್ಲಿ ಕಿಲೋಮೀಟರಿಗೆ 400ಕ್ಕೂ ಹೆಚ್ಚು ಬಾರಿ. 32 ಕಡ್ಡಿಗಳ ಕೆಲಸವನ್ನು 24ಕ್ಕೆ ವಹಿಸಿದರೆ ಒಂದೊಂದರ ಪಾಡೇನು? ನಡುವೆ ಸಣ್ಣಗಾದ ಬಟೆಡ್ ಕಡ್ಡಿಗಳು ಮಾತ್ರ ಇದಕ್ಕೆ ಅಪವಾದ. ತುದಿಗಳಲ್ಲಿ 2.0 ಮಿ.ಮೀ., ನಡುವೆ 1.8 ಮಿ.ಮೀ. ಇರುವ ಕಡ್ಡಿ ಹಗುರವೂ ಹೌದು, ಹೆಚ್ಚು ಹಿಗ್ಗುವುದರಿಂದ ಪೆಟ್ಟು ಬಿದ್ದಾಗ ಬೇಗ ಸಡಿಲವಾಗುವುದೂ ಇಲ್ಲ. ಇಲ್ಲಿ ಉಳಿದ ಗ್ರಾಮುಗಳಿಗೆ ನನ್ನ ತಕರಾರಿಲ್ಲ.

ಡಿಸ್ಕ್ ಬ್ರೇಕ್ ಹಿಡಿದಾಗ ಹಬ್ಬಿನಿಂದ ರಿಮ್ಮಿಗೆ ತಿರುಚುಬಲ ಸಾಗಿಸಬೇಕಾದವು ಇದೇ ಕಡ್ಡಿಗಳು. ಆದುದರಿಂದ ನೇರ ಕಿರಣಗಳಂತೆ ಜೋಡಿಸುವ ಮಾತೇ ಬೇಡ, ಮೂರು ಅಡ್ಡಹಾಯ್ವಿನ ಹಳೆಯ ಹೆಣಿಗೆಯೇ ಸರಿ.

ನಿಪ್ಪಲ್ಲುಗಳ ವಿಷಯ ಇನ್ನೂ ನಗೆ ತರಿಸುತ್ತದೆ. ಹಿತ್ತಾಳೆಯ ಬದಲು ಅಲ್ಯೂಮಿನಿಯಂ ಹಾಕಿದರೆ ಎರಡು ಚಕ್ರಗಳಿಗೆ ಸುಮಾರು 40 ಗ್ರಾಂ ಉಳಿತಾಯ, ಒಂದು ಬಾಳೆಹಣ್ಣಿಗಿಂತ ಕಡಿಮೆ! ಮಲೆನಾಡಿನ ಮಳೆಗಾಲವನ್ನೋ ಕರಾವಳಿಯ ಉಪ್ಪುಗಾಳಿಯನ್ನೋ ಎರಡು ವರ್ಷ ಕಂಡ ಅಲ್ಯೂಮಿನಿಯಂ ನಿಪ್ಪಲ್ಲು ಸ್ಟೀಲ್ ಕಡ್ಡಿಗೆ ಕಚ್ಚಿಕೊಂಡು ಕೂತರೆ, ಕೀಲಿ ತಿರುಗಿಸಿದಾಗ ಬಿರಿಯುವುದೇ ಹೆಚ್ಚು.

ಹಿಂದಿನ ಹಬ್ಬನ್ನು 142ರಿಂದ 148 ಮಿ.ಮೀ.ಗೆ ಅಗಲಿಸಿದ ‘ಬೂಸ್ಟ್’ ಅಳತೆಯನ್ನು ಕೆಲವು ಹಿರಿಯರು ಹಳಿಯುತ್ತಾರೆ. ನಾನು ಹಳಿಯಲಾರೆ. ಕಡ್ಡಿಗಳ ಬುಡ ಎರಡೂ ಬದಿಗೆ 3 ಮಿ.ಮೀ. ಸರಿದುದರಿಂದ ಚಕ್ರ ಅಡ್ಡಬಲಕ್ಕೆ ಗಟ್ಟಿಯಾಯಿತು. ಸ್ಪರ್ಧೆಗಿಳಿಯುವವರು, ಹಿಂದೆ ಮೆಕ್ಯಾನಿಕ್ ಇರುವವರು ಕಾರ್ಬನ್ ರಿಮ್ ಕೊಳ್ಳಲಿ, ಬೇಡವೆನ್ನಲು ನಾನ್ಯಾರು? ಆದರೆ ಶನಿವಾರ ಕೆಮ್ಮಣ್ಣಿನ ಕಾಡುದಾರಿಗಿಳಿದು ಸೋಮವಾರ ಕಚೇರಿಗೆ ಹೋಗುವವನಿಗೆ ಅದೇ ಉಪದೇಶ ಮಾಡುವುದು ಅನ್ಯಾಯ.

ನಮ್ಮ ಬೀದಿಯ ಹುಡುಗನೊಬ್ಬ ಅಂಗಡಿಯೊಂದರ ಮಾತು ಕೇಳಿ, ಆ ಕಂಪನಿಯದೇ ನೇರತಲೆಯ ಕಡ್ಡಿಗಳಿರುವ ಚಕ್ರ ಕೊಂಡ. ಒಂದು ಕಡ್ಡಿ ಹೋಯಿತು. ಆ ಉದ್ದದ, ಆ ತಲೆಯ ಕಡ್ಡಿ ಊರಲ್ಲೆಲ್ಲೂ ಇಲ್ಲ. ಆರು ವಾರ ಸೈಕಲ್ ಗೋಡೆಗೊರಗಿ ನಿಂತಿತು. ಬಾಗಿದ ತಲೆಯ ಸಾಮಾನ್ಯ ಕಡ್ಡಿ, 32 ತೂತಿನ ಹಬ್, ಅಲ್ಯೂಮಿನಿಯಂ ರಿಮ್, ಹಿತ್ತಾಳೆ ನಿಪ್ಪಲ್ಲು: ಈ ನಾಲ್ಕನ್ನು ಚೀಟಿಯಲ್ಲಿ ಬರೆದು ಅವನಿಗೆ ಕೊಟ್ಟಿದ್ದೇನೆ. ಅಂಗಡಿಯವನು ನಕ್ಕನಂತೆ.